ಗೋಡೆಯ ಮೇಲಿನ ಎರಡು ಮಾಸ್ಕ್

ಹೆಣ ಮೊದಲು ಕಂಡದ್ದು ಏಜೆಂಟನಿಗೆ. ಬೆಳಿಗ್ಗೆ ಪರೀಕ್ಷಾ ಶೆಡ್ಡಿನ ಬಾಗಿಲು ತೆಗೆದಾಗ ವೆಲ್ಡರ್ ಕಬ್ಬಿಣದ ಮೇಜಿನ ಪಕ್ಕ ಅಂಗಾತ ಬಿದ್ದಿದ್ದ. ಕೈಯಲ್ಲಿ ವೆಲ್ಡಿಂಗ್ ರಾಡು. ಮುಖದ ಮೇಲೆ ಮಾಸ್ಕ್. ತಲೆಯ ಹಿಂದೆ ಹೆಪ್ಪುಗಟ್ಟಿದ ರಕ್ತ.

"ಶಾಕ್ ಹೊಡೆದಿದೆ ಮೇಡಂ. ಬೀಳುವಾಗ ಮೇಜಿನ ಅಂಚು ತಗುಲಿದೆ," ಎಂದ ಏಜೆಂಟ್.

ಇನ್ಸ್‌ಪೆಕ್ಟರ್ ಮಂಡಿಯೂರಿದಳು. ಬಗ್ಗಿ ನೋಡಿದಳು. ಮಾಸ್ಕಿನ ಗಾಜಿನ ಹಿಂದೆ ಸತ್ತವನ ತೆರೆದ ಕಣ್ಣುಗಳು ಸ್ಪಷ್ಟವಾಗಿ ಕಂಡವು. ಗೋಡೆಯ ಮೊಳೆಯಲ್ಲಿ ಇನ್ನೊಂದು ಮಾಸ್ಕ್ ತೂಗುತ್ತಿತ್ತು.

*

ಏಜೆನ್ಸಿ ಹೊರದೇಶದ ಹಡಗುಕಟ್ಟೆಗೆ ಗುತ್ತಿಗೆ ವೆಲ್ಡರುಗಳನ್ನು ಕಳಿಸುತ್ತಿತ್ತು. ಆಫೀಸಿನ ಬೆಂಚುಗಳಲ್ಲಿ ಆಗಲೇ ಜನ ತುಂಬಿದ್ದರು. ಇಲ್ಲಿ ಕಾಯೋದೇ ಒಂದು ಕೆಲಸ, ಸಂಬಳ ಮಾತ್ರ ಇಲ್ಲ ಎಂದೊಬ್ಬ ಗೊಣಗಿದ.

ಎದೆಯ ಎಕ್ಸ್‌ರೇ ಸರಿಯಿಲ್ಲವೆಂದು ಸತ್ತವನನ್ನು ಏಜೆಂಟ್ ತಿರಸ್ಕರಿಸಿದ್ದ. ಅವನ ತಮ್ಮ ಮಾತ್ರ ಪಾಸಾಗಿದ್ದ, ಮರುದಿನವೇ ಪ್ರಯಾಣ. ಹಿಂದಿನ ಸಂಜೆ ಅಭ್ಯಾಸಕ್ಕೆಂದು ಶೆಡ್ಡಿನ ಕೀ ಪಡೆದವರು ಈ ಅಣ್ಣತಮ್ಮಂದಿರೇ. ತಾನು ಬೇಗ ಹೊರಟೆ ಎಂದ ತಮ್ಮ.

ಕಾನ್‌ಸ್ಟೇಬಲ್‌ಗೆ ಏಜೆಂಟನ ಮೇಲೇ ಕಣ್ಣು. ಎಕ್ಸ್‌ರೇ ವಿಷಯಕ್ಕೆ ನಿನ್ನೆ ಸತ್ತವನಿಗೂ ಅವನಿಗೂ ಜಗಳವಾಗಿತ್ತು. ಇನ್ನೊಂದು ಕೀ ಇವನ ಬಳಿಯೇ ಇತ್ತು. ಇನ್ಸ್‌ಪೆಕ್ಟರ್ ನೋಡಿದ್ದು ಏಜೆಂಟನ ಮುಂಗೈಯ ಹಳೆಯ ಸುಟ್ಟ ಕಲೆಗಳನ್ನು. ಮೊದಲು ತಾನೂ ವೆಲ್ಡರ್ ಆಗಿದ್ದೆ ಎಂದ ಅವನು.

ಸತ್ತವನ ಹೆಂಡತಿ ಅಳುತ್ತಿರಲಿಲ್ಲ. ಮೈದುನನ ಕೈ ಹಿಡಿದು ನಿಂತಿದ್ದಳು.

"ಅವರಂತೂ ಹೋದರು. ಇವನನ್ನ ನಿಲ್ಲಿಸಬೇಡಿ ಮೇಡಂ. ನನ್ನ ಮಕ್ಕಳಿಗೆ ಇನ್ನು ಇವನೇ ಗತಿ."

*

ಮಧ್ಯಾಹ್ನ ಎಲ್ಲರನ್ನೂ ಶೆಡ್ಡಿಗೆ ಕರೆಸಿದಳು. ಹೆಣದ ಮುಖದಿಂದ ತೆಗೆದದ್ದೂ ಸೇರಿ ಎರಡೂ ಮಾಸ್ಕುಗಳು ಗೋಡೆಯ ಮೇಲಿದ್ದವು. ಎರಡು ತುಂಡು ಬೆಸೆದು ತೋರಿಸು ಎಂದಳು ತಮ್ಮನಿಗೆ.

ಅವನು ಒಂದು ಮಾಸ್ಕ್ ಮುಖಕ್ಕೆ ಹಿಡಿದು ನೋಡಿದ. ವಾಪಸ್ ಇಟ್ಟ. ಇನ್ನೊಂದನ್ನು ತೆಗೆದುಕೊಂಡ.

"ಅದು ಯಾಕೆ ಬೇಡ?"

"ಅದ್ರಲ್ಲಿ ಏನೂ ಕಾಣಲ್ಲ ಮೇಡಂ."

ಏಜೆಂಟ್ ಮುಖ ತಿರುಗಿಸಿಕೊಂಡ.

"ಕಾಣಬಾರದು ಅಂತಲೇ ಅದಕ್ಕೆ ಕಪ್ಪು ಗಾಜು," ಎಂದಳು ಇನ್ಸ್‌ಪೆಕ್ಟರ್. "ನಿನ್ನ ಕೈಲಿರೋದು ತಿಳಿ ಗಾಜಿನದು, ಹೆಣದ ಮುಖದ ಮೇಲಿದ್ದದ್ದೇ. ಕಬ್ಬಿಣ ಉಜ್ಜುವಾಗ ಹಾಕೋದು. ಅದನ್ನ ಹಾಕಿಕೊಂಡು ವೆಲ್ಡಿಂಗ್ ಮಾಡಿದರೆ ಕಣ್ಣು ಸುಟ್ಟುಹೋಗುತ್ತೆ. ನಿನ್ನ ಅಣ್ಣ ಹಾಕಿಕೊಳ್ಳೋನಲ್ಲ. ಈ ಏಜೆಂಟರು ಹಳೇ ವೆಲ್ಡರ್, ಹೆಣಕ್ಕೂ ಅದನ್ನ ತೊಡಿಸ್ತಿರಲಿಲ್ಲ. ತೊಡಿಸಿದವನಿಗೆ ಕೆಲಸ ಬರಲ್ಲ. ಕೀ ಇದ್ದ ಮೂವರಲ್ಲಿ ಕೆಲಸ ಬಾರದವನು ಒಬ್ಬನೇ. ಪಾಸಾದವನು."

ಅತ್ತಿಗೆ ಅವನ ಪಕ್ಕದಿಂದ ಮೆಲ್ಲಗೆ ಸರಿದಳು.

ಅವನು ಗೋಡೆ ನೋಡುತ್ತಲೇ ಹೇಳಿದ. ತನ್ನ ಹೆಸರಲ್ಲಿ ಪರೀಕ್ಷೆ ಕೊಟ್ಟವನು ಅಣ್ಣ. ನಿನ್ನೆಯದೇ ಮೊದಲ ಪಾಠ. ಕರೆಂಟಿಲ್ಲದ ರಾಡು ಹಿಡಿಯಲೂ ತನಗೆ ಬರಲಿಲ್ಲ. ಅಲ್ಲಿ ಹೋದರೆ ಕಣ್ಣು ಕಳೆದುಕೊಳ್ಳುತ್ತೀಯ, ಬೆಳಿಗ್ಗೆ ಏಜೆಂಟರಿಗೆ ನಿಜ ಹೇಳಿ ನಿಲ್ಲಿಸುತ್ತೇನೆ ಎಂದ ಅಣ್ಣ. ಬೆನ್ನು ತಿರುಗಿಸಿದ. ಮೇಜಿನ ಮೇಲೆ ಸುತ್ತಿಗೆಯಿತ್ತು.

"ಪರೀಕ್ಷೆಯ ದಿನವೇ ನನಗೆ ಗೊತ್ತಿತ್ತು ಕಣೋ," ಎಂದ ಏಜೆಂಟ್, ಬಾಗಿಲಲ್ಲಿ ನಿಂತು. "ಅಲ್ಲಿ ಬೇಕಾಗಿರೋದು ತಲೆ ಲೆಕ್ಕ, ಕೆಲಸ ಬರುತ್ತೋ ಇಲ್ವೋ ಯಾರೂ ಕೇಳಲ್ಲ. ನಿನ್ನ ಅಣ್ಣ ಬಂದು ಹೇಳಿದ್ದರೂ ನಿನ್ನನ್ನ ಕಳಿಸ್ತಿದ್ದೆ."

ತಮ್ಮ ತಿರುಗಿ ಅವನನ್ನೇ ನೋಡಿದ. ಏಜೆಂಟ್ ಆಗಲೇ ಬೆಂಚುಗಳ ಕಡೆ ನಡೆದಿದ್ದ. ಮರುದಿನದ ಪ್ರಯಾಣಕ್ಕೆ ಒಂದು ಜಾಗ ಖಾಲಿಯಾಗಿತ್ತು.