ಅಕ್ಕನ ಮೇಜಿನ ಹೊಸ ಬೀಡ್‌ಗಳು

ಬೆಳಿಗ್ಗೆ ರಸಾಯನ ಪ್ರಯೋಗಾಲಯದ ಬಾಗಿಲು ತೆರೆದವನು ಗಡಿಬಿಡಿ. ಅಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಮೂಗಿಗೆ ಕರಕಲು ವಾಸನೆ ಬಡಿಯಿತು. ಮೂಲೆಯ ಮೇಜು ಸುಟ್ಟಿತ್ತು. ಅದರ ಕೆಳಗೆ ಅಕ್ಕ ಬಿದ್ದಿದ್ದಳು. ಅಲ್ಲಿನ ಹಿರಿಯ ಸಂಶೋಧಕಿ ಅವಳು, ಕಿರಿಯರಿಗೆಲ್ಲ ಅಕ್ಕ.

ಜೀವ ಹೋಗಿತ್ತು.

ಬೆಂಕಿ ಬಿದ್ದ ಜಾಗದ ಫೋಟೋ ತೆಗೆಯುವುದು ನನ್ನ ಕೆಲಸ. ಬೆಂಕಿ ಯಾಕೆ ಬಿತ್ತೆಂದು ಹೇಳುವುದು ನಮ್ಮ ಮೇಡಂ ಕೆಲಸ. ನಾವು ಹೋಗುವಷ್ಟರಲ್ಲಿ ಕಾರಿಡಾರಿನಲ್ಲಿ ತೀರ್ಪೇ ಆಗಿಹೋಗಿತ್ತು.

"ಮೋಸ ಬಯಲಾಯ್ತಲ್ಲ, ಸಾಕ್ಷಿ ಸುಡೋಕೆ ಹೋಗಿ ತಾನೇ ಸುಟ್ಕೊಂಡ್ಲು."

ಗೋಡೆಗೆ ಒರಗಿ ನಿಂತ ಹುಡುಗಿಯೊಬ್ಬಳು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಸತ್ತವಳ ಒಡಹುಟ್ಟಿದ ತಂಗಿ. ನೇರ ಮೇಡಂ ಎದುರು ಬಂದು ನಿಂತಳು.

"ನಮ್ಮಕ್ಕ ಮೋಸಗಾತಿನಾ? ಅದೊಂದು ಹೇಳಿ ಸಾಕು. ಅಮ್ಮಂಗೆ ನಾನು ಏನಂತ ಹೇಳ್ಲಿ?"

ಮೇಡಂ ಅವಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಅಕ್ಕನ ಸಂಶೋಧನೆಗೆ ಗೈಡ್ ಆಗಿದ್ದ ಪ್ರೊಫೆಸರರನ್ನು ಕರೆಸಿದರು.

"ಏನು ಮೋಸ ಅದು?"

"ಏನು ಹೇಳೋದು ಮೇಡಂ... ಎರಡು ಅಣು ಜೋಡಿಸೋಕೆ ಪಲ್ಲಾಡಿಯಂ ಅನ್ನೋ ದುಬಾರಿ ಲೋಹ ಬೇಕು. ಲೋಹ ಇಲ್ಲದೇನೇ ಜೋಡಿಸೋ ವೇಗವರ್ಧಕ ಕಂಡುಹಿಡಿದೆ ಅಂದಳು. ನಂಬಿದೆ. ಮೊನ್ನೆ ಹೊರಗಿನ ಪರೀಕ್ಷಕರ ಮುಂದೆ ಮಾಡಿ ತೋರಿಸು ಅಂದ್ರೆ — ಏನೂ ಆಗಲಿಲ್ಲ."

"ಆಮೇಲೆ?"

"ಆಮೇಲೇನು? ಮನೆಗೂ ಹೋಗದೆ ಮತ್ತೆ ಮತ್ತೆ ಮಾಡಿದಳು. ಬರಲಿಲ್ಲ. ಇಲ್ಲದ್ದು ಎಲ್ಲಿಂದ ಬರುತ್ತೆ?"

"ಬರ್ತಿತ್ತು ಸರ್!" ಗಡಿಬಿಡಿ ತಡೆಯಲಾರದೆ ಅಂದ. "ವರ್ಷಗಟ್ಟಲೆ ಪಕ್ಕದ ಮೇಜಲ್ಲಿ ನಿಂತು ನೋಡಿದವನು ನಾನು. ಪ್ರತಿ ಸಲ ಬರ್ತಿತ್ತು."

"ಮತ್ತೆ ಮೊನ್ನೆಯಿಂದ ಯಾಕೆ ಬರ್ಲಿಲ್ಲಪ್ಪಾ?" ಎಂದರು ಮೇಡಂ.

"ಅದೇ ತಿಳೀತಿಲ್ಲ. ಎಲ್ಲೋ ಕೊಳೆ ಸೇರಿರಬೇಕು ಅಂತ ಅಕ್ಕ ಫ್ಲಾಸ್ಕೆಲ್ಲ ತೊಳೆದಳು, ಮತ್ತೆ ತೊಳೆದಳು. ಕೈ ಸುಲಿದುಹೋಗಿತ್ತು, ಮೇಡಂ."

ಮೇಡಂ ಮೇಜಿನ ಬೂದಿ ಕೆದಕುತ್ತಿದ್ದರು. ಕಿರುಬೆರಳ ತುದಿಯಷ್ಟು ದೊಡ್ಡದೇನೋ ಸಿಕ್ಕಿತು. ಕರವಸ್ತ್ರದಿಂದ ಒರೆಸಿದರು. ಮಸಿ ಹೋಗಿ ಹಾಲಿನಂಥ ಬಿಳುಪು ಕಂಡಿತು.

"ಇದು?"

"ಬೀಡ್. ಆಯಸ್ಕಾಂತ. ಫ್ಲಾಸ್ಕೊಳಗೆ ಹಾಕಿದ್ರೆ ತಿರುಗ್ತಾ ದ್ರಾವಣ ಕಲಕುತ್ತೆ."

"ಹೊಸದಾ?"

"ಹೂಂ. ಪರೀಕ್ಷಕರು ಬರ್ತಾರೆ ಅಂತ ಸರ್ ಕೊಟ್ರು. ಅಕ್ಕನ ಮೇಜಲ್ಲಿದ್ದ ಹಳೇವನ್ನೆಲ್ಲ ಅವರೇ ತಗೊಂಡ್ರು."

"ನಿಂಗೆಷ್ಟು ಕೊಟ್ರು?"

"ನಂಗಾ?" ಅಷ್ಟು ದುಃಖದಲ್ಲೂ ಅವನಿಗೆ ನಗು ಬಂತು. "ಮಲಮಗನಿಗೆ ಹೊಸ ಬಟ್ಟೆ ಯಾರು ಕೊಡ್ತಾರೆ? ನನ್ನವು ನೋಡಿ, ಬಾಣಲೆ ತಳ ಇದ್ದ ಹಾಗಿವೆ. ನನ್ನ ಕೆಲಸವೆಲ್ಲ ಪಲ್ಲಾಡಿಯಂದೇ. ಎಷ್ಟು ಉಜ್ಜಿದರೂ ಕಲೆ ಹೋಗಲ್ಲ. ಅಲ್ಲೀವರೆಗೆ ಅಕ್ಕನೂ ನಾನೂ ಒಂದೇ ಡಬ್ಬಿಯಿಂದ ತಗೊಳ್ತಿದ್ವಿ."

ಮೇಡಂ ಥಟ್ಟನೆ ತಲೆಯೆತ್ತಿದರು.

ಮರುದಿನ ಪಕ್ಕದ ಕಟ್ಟಡದ ಪ್ರಯೋಗಾಲಯದಲ್ಲಿ ಮೇಡಂ ಅಕ್ಕನ ಪ್ರಯೋಗವನ್ನೇ ಗಡಿಬಿಡಿಯ ಕೈಲಿ ಮಾಡಿಸಿದರು. ಎರಡು ಹೊಸ ಫ್ಲಾಸ್ಕ್. ಎರಡರಲ್ಲೂ ಅದೇ ದ್ರಾವಣ, ಅದೇ ಶಾಖ. ಒಂದರಲ್ಲಿ ಬಿಳಿ ಬೀಡ್, ಇನ್ನೊಂದರಲ್ಲಿ ಕಲೆಯ ಬೀಡ್. ಗೈಡನ್ನೂ ತಂಗಿಯನ್ನೂ ಕರೆಸಿದ್ದರು. ಸಂಜೆ ಒಂದೊಂದರಿಂದ ಒಂದು ತೊಟ್ಟು ತೆಗೆದು, ಸುಣ್ಣ ಬಳಿದಂತಿದ್ದ ಗಾಜಿನ ಪಟ್ಟಿಯ ಮೇಲಿಟ್ಟು, ನೇರಳೆ ದೀಪದಡಿ ಹಿಡಿದರು. ಅಣುಗಳು ಜೋಡಿಯಾಗಿದ್ದರೆ ಅಲ್ಲಿ ನೀಲಿ ಹೊಳೆಯಬೇಕು.

ಬಿಳಿ ಬೀಡಿನ ತೊಟ್ಟು — ಏನೂ ಇಲ್ಲ.

ಕಲೆಯ ಬೀಡಿನದು — ನೀಲಿ!

"ಬಂತು! ಅಕ್ಕನದು ಬಂತು!" ಗಡಿಬಿಡಿ ಕೂಗಿದ. ತಂಗಿ ಪಟ್ಟಿಯ ಮೇಲೆ ಬಗ್ಗಿದಳು. ನಾನೂ ಕ್ಯಾಮೆರಾ ಮರೆತು ಬಗ್ಗಿದೆ.

ಮೇಡಂ ಮಾತ್ರ ಗೈಡ್ ಕಡೆ ತಿರುಗಿದರು.

"ಫೋಟೋ ತೆಗೆಯೋನೂ ಬಗ್ಗಿ ನೋಡಿದ ಸರ್. ಇಷ್ಟು ವರ್ಷದ ರಸಾಯನಶಾಸ್ತ್ರಜ್ಞರು ನೀವು — ಪಟ್ಟಿ ಕಡೆ ಕಣ್ಣೇ ಹಾಯಿಸಲಿಲ್ಲ. ನನ್ನ ಮುಖ ನೋಡ್ತಾ ನಿಂತ್ರಿ. ಯಾಕೆ? ಏನು ಬರುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು."

ಗೈಡ್ ತುಟಿ ಒದ್ದೆ ಮಾಡಿಕೊಂಡರು.

"ಹೊಸ ಬೀಡ್ ಕೊಟ್ಟದ್ದೂ ಅಪರಾಧವಾ?"

"ಒಬ್ಬಳಿಗೇ ಯಾಕೆ ಕೊಟ್ರಿ? ಅವಳ ಮೇಜಲ್ಲಿ ಹಳೇದು ಒಂದೂ ಉಳಿಯದ ಹಾಗೆ ಯಾಕೆ ತಗೊಂಡ್ರಿ? ಎಲ್ಲರ ಕಣ್ಣೆದುರಿಗೇ ಇತ್ತು, ಶುಚಿ ಅಂದುಕೊಂಡು ಯಾರೂ ಲಕ್ಷ್ಯ ಕೊಡಲಿಲ್ಲ. ಹಳೇ ಬೀಡಿನ ಬಿರುಕಲ್ಲಿ ಕಣ್ಣಿಗೆ ಕಾಣದಷ್ಟು ಪಲ್ಲಾಡಿಯಂ ಕೂತಿತ್ತು. ಅಣು ಜೋಡಿಸ್ತಿದ್ದದ್ದು ಅದು, ಅವಳ ವೇಗವರ್ಧಕ ಅಲ್ಲ. ಪಾಪ, ಅವಳಿಗೆ ಗೊತ್ತಿರ್ಲಿಲ್ಲ. ಕೊಳೆ ಇದೆ ಅಂತ ತೊಳೆದಳು. ಕೊಳೆ ಇಲ್ಲದ್ದೇ ತೊಂದರೆಯಾಗಿತ್ತು! ನಿಮಗೆ ಯಾವಾಗ ಗೊತ್ತಾಯ್ತು?"

ಗೈಡ್ ಪಕ್ಕದ ಸ್ಟೂಲ್ ಎಳೆದು ಕುಳಿತರು.

"ಬೇರೆ ಪ್ರಯೋಗಾಲಯದವರು ಮಾಡಿ ನೋಡಿ, ಬರ್ತಿಲ್ಲ ಅಂದ್ರು. ಅವಳ ಬೀಡ್ ಗುಟ್ಟಾಗಿ ಪರೀಕ್ಷೆ ಮಾಡಿಸಿದೆ... ಆ ವೇಗವರ್ಧಕದ ಮೇಲೇ ನನಗೆ ಹೆಸರು ಬಂದಿತ್ತು. ತಪ್ಪು ಅಂತಾದ್ರೆ ನನ್ನ ತಪ್ಪು. ಮೋಸ ಅಂತಾದ್ರೆ..."

"ಅವಳದ್ದು."

"ಸಂಶೋಧನೆ ಬಿಟ್ಟು ಹೋಗ್ತಾಳೆ ಅಂದ್ಕೊಂಡೆ, ಮೇಡಂ. ಬೆಂಕಿ ನಾನು ಹಚ್ಚಲಿಲ್ಲ!"

"ಇಲ್ಲ. ನಿದ್ದೆಗೆಟ್ಟ ಕೈ ಜಾರಿ, ಬಿಸಿ ತಟ್ಟೆ ಮೇಲೆ ದ್ರಾವಕ ಚೆಲ್ಲಿದ್ದು. ಆ ನಿದ್ದೆ ಕೆಡಿಸಿದವರು ಯಾರು?"

ದೀಪ ಆರಿಸುವುದು ಯಾರಿಗೂ ನೆನಪಾಗಲಿಲ್ಲ. ತಂಗಿ ನಿಧಾನಕ್ಕೆ ನೆಟ್ಟಗಾದಳು.

"ಅಂದ್ರೆ ಅಕ್ಕ ಸುಳ್ಳು ಹೇಳಿರ್ಲಿಲ್ಲ."

"ಇಲ್ಲಮ್ಮ," ಎಂದರು ಮೇಡಂ. "ತಪ್ಪು ಹೇಳಿದ್ದಳು. ಅಷ್ಟೇ."

ಹುಡುಗಿ ಗೈಡ್ ಮುಂದೆ ಹೋಗಿ ನಿಂತಳು. ಹೊಡೆಯುತ್ತಾಳೇನೋ ಅಂದುಕೊಂಡೆ. ಹೊಡೆಯಲಿಲ್ಲ.

"ಅದನ್ನೇ ಹೇಳಿದ್ರೆ ಆಗ್ತಿತ್ತಲ್ಲ ಸರ್? 'ತಪ್ಪಾಗಿದೆ ಕಣಮ್ಮಾ' ಅಂತ. ಮನೆಗೆ ಬಂದು ಒಂದಿಷ್ಟು ಅಳ್ತಿದ್ಲು. ಉಂಡು ಮಲಗ್ತಿದ್ಲು."