ಕೆಂಪು ಟೇಪು, ನೀಲಿ ಟೇಪು

ಹಿತ್ತಲ ಗಿಡ ಮದ್ದಳೆಯಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿಲ್ಲವೇ? ಹೋಗಲಿ ಬಿಡಿ, ಗಾದೆ ಸುಳ್ಳಾದರೂ ಕತೆ ಸುಳ್ಳಾಗದು.

"ಥೂ! ಇದು ಇಯರ್‌ಫೋನಾ, ಬಿಸ್ಕತ್ ಡಬ್ಬೀನಾ?"

ಮಾವ ಕಿವಿಯಿಂದ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ. ಟಕಟಕಿಯ ಎದೆ ಡಬ್ಬಿಯಂತೆಯೇ ಢಣ್ ಎಂದಿತು.

ಟಕಟಕಿ ಎಂಬುದು ಮನೆಯವರು ಇಟ್ಟ ಅಡ್ಡಹೆಸರು. ಹತ್ತು ವರ್ಷದ ಅವಳ ಹತ್ತು ಬೆರಳೂ ಸುಮ್ಮನಿರುತ್ತಿರಲಿಲ್ಲ. ಮೇಜು, ಫ್ರಿಜ್ಜು, ಕಿಟಕಿ, ಮುಂದಿನ ಬೆಂಚಿನವಳ ಬ್ಯಾಗು, ಸಿಕ್ಕಿದ್ದರ ಮೇಲೆಲ್ಲ ಟಕ ಟಕ ಟಕ. ಈ ವರ್ಷ ಸ್ಕೂಲ್ ಬ್ಯಾಂಡಿನಲ್ಲಿ ಡ್ರಮ್ಸ್ ಅವಳದೇ.

ಮನೆಯಲ್ಲಿ ಅಭ್ಯಾಸಕ್ಕೆ ಎಲೆಕ್ಟ್ರಿಕ್ ಪ್ಯಾಡ್ ಇತ್ತು. ಅದರ ಸದ್ದು ಕೆಳಗಿನ ಮನೆಯವರ ತಲೆಗೆ ಹೋಗದೆ ಅವಳ ಕಿವಿಗೆ ಮಾತ್ರ ಹೋಗಲಿ ಎಂದು ಅಮ್ಮ ಆರು ಅಂಗಡಿ ಸುತ್ತಿ ಈ ಇಯರ್‌ಫೋನ್ ತಂದಿದ್ದಳು. ತೀರಾ ಅಗ್ಗದ್ದಲ್ಲ, ತೀರಾ ದುಬಾರಿಯದೂ ಅಲ್ಲ. ಆರು ದಿನದಿಂದ ಟಕಟಕಿ ಅದನ್ನು ಕಿವಿಯಿಂದ ತೆಗೆದದ್ದೇ ಕಡಿಮೆ.

ಮಾವ ಅಮ್ಮನ ತಮ್ಮ. ಸಂಗೀತ ಕಾರ್ಯಕ್ರಮಗಳಿಗೆ ಸೌಂಡ್ ಕೂಡಿಸುವುದು ಅವನ ಕೆಲಸ. ಸ್ಟೇಜಿನ ಮೇಲೆ ಹಾಡುವವರು ತಮ್ಮ ದನಿ ತಾವೇ ಕೇಳಿಸಿಕೊಳ್ಳಲು ಕಿವಿಯೊಳಗೆ ಇಟ್ಟುಕೊಳ್ಳುತ್ತಾರಲ್ಲ, ಇನ್-ಇಯರ್ ಮಾನಿಟರ್, ಅದು ಅವನ ಹತ್ತಿರವೂ ಇತ್ತು. ಟಕಟಕಿಯದೂ ಅದೇ ಜಾತಿ. ಮಾವನದು ಮಾತ್ರ ಅದರ ದೊಡ್ಡಣ್ಣ. ಬೆಲೆ ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು.

ನೋಡಲು ಎರಡೂ ಒಂದೇ. ಗೋಡಂಬಿ ಗಾತ್ರ, ಕಪ್ಪು ಬಣ್ಣ. ಅದಲುಬದಲಾಗಬಾರದೆಂದು ಮಾವ ಸೊಂಟದಲ್ಲಿ ತೂಗುತ್ತಿದ್ದ ಸುರುಳಿಗಳಿಂದ ಟೇಪು ಹರಿದು, ತನ್ನ ವೈರಿಗೆ ಕೆಂಪು, ಅವಳ ವೈರಿಗೆ ನೀಲಿ ಸುತ್ತಿದ.

"ಸ್ಟೇಜ್ ಮೇಲೆ ನೂರಾರು ವೈರು, ಸಾಲದ್ದಕ್ಕೆ ಕತ್ತಲೆ. ಅಲ್ಲಿ ನಾನು ಕಣ್ಣನ್ನೂ ನಂಬಲ್ಲ, ಟೇಪ್ ನಂಬ್ತೀನಿ. ಈಗ ಕೇಳು. ಕೆಂಪು: ಧುಮ್ಮ್ಮ್! ಆನೆ ನಡೆದ ಹಾಗೆ. ನೀಲಿ: ಡಬ್! ಆನೆಗೆ ಚಪ್ಪಲಿ ಹಾಕಿದ ಹಾಗೆ!"

ಮಾವ ಫೋನಿನಲ್ಲಿ ಹಾಕಿದ ಹಾಡನ್ನು ಟಕಟಕಿ ಎರಡರಲ್ಲೂ ಕೇಳಿದಳು. ಹೌದು, ಕೆಂಪಿನದು ಧುಮ್ಮ್ಮ್. ನೀಲಿಯದು ಡಬ್. ನಿನ್ನೆಯವರೆಗೆ ಚೆನ್ನಾಗಿದ್ದ ಇಯರ್‌ಫೋನು ಇವತ್ತು ತಗಡಾಗಿಬಿಟ್ಟಿತ್ತು.

"ತಗಡು ಕಣಮ್ಮ ಇದು," ಎಂದು ಬಾಯಿ ತಪ್ಪಿ ಅಂದೇಬಿಟ್ಟಳು.

ಅಮ್ಮ ಬಿಳಿ ಕೋಟು ಇಸ್ತ್ರಿ ಮಾಡುತ್ತಿದ್ದಳು. ಕೈ ಒಂದು ಕ್ಷಣ ನಿಂತಿತು.

"ಇವತ್ತು ಏಳನೇ ದಿನ. ಇವತ್ತಾದ್ರೆ ಅಂಗಡಿಯವರು ಬದಲಾಯಿಸಿ ಕೊಡ್ತಾರೆ," ಎಂದಳು. "ನಾಲ್ಕು ಗಂಟೆಗೆ ಡ್ಯೂಟಿಗೆ ಹೋಗ್ತಾ ಕೊಟ್ಟು, ಮಾವನದರಷ್ಟಲ್ಲದಿದ್ರೂ ಇನ್ನೊಂದು ಒಳ್ಳೇದು ತರ್ತೀನಿ. ಏನ್ಮಹಾ, ನಾಲ್ಕು ಭಾನುವಾರ ಓವರ್‌ಟೈಮ್ ಮಾಡಿದ್ರಾಯ್ತು."

ನಾಲ್ಕು ಭಾನುವಾರ! ವಾರವೆಲ್ಲ ಸಂಜೆ ಡ್ಯೂಟಿ ಮಾಡುವ ಅಮ್ಮ ಪೂರ್ತಿ ದಿನ ಸಿಗುವುದೇ ಭಾನುವಾರ. ಟಕಟಕಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋದಳು, ಫ್ರಿಜ್ಜಿನ ಮೇಲೆ ಟಕ ಟಕ. ಬಾಲ್ಕನಿಗೆ ಹೋದಳು, ಕಂಬಿಯ ಮೇಲೆ ಟಕ ಟಕ. ಗಡಿಯಾರ ನೋಡಿದಳು, ಎರಡೂವರೆ. ಮತ್ತೆ ನೋಡಿದಳು, ಎರಡು ಮೂವತ್ತೊಂದು.

"ಅಮ್ಮ, ಅದು ನಿಜವಾಗ್ಲೂ ಅಷ್ಟು ಕೆಟ್ಟದಾ?"

"ನಂಗೇನು ಗೊತ್ತು ಪುಟ್ಟಿ? ನಂದು ಕಣ್ಣಿನ ಡಿಪಾರ್ಟ್‌ಮೆಂಟು." ಅಮ್ಮನಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಕೆಲಸ. "ಕಣ್ಣಿನ ವಿಷಯಾನೇ ನೋಡು. ಒಂದು ಗ್ಲಾಸ್ ತೆಗೆದು, ಅದನ್ನೇ ಮತ್ತೆ ಹಾಕಿ, 'ಈಗ ಸರ್?' ಅಂತ ಕೇಳ್ತೀನಿ. 'ಆಹಾ! ಈಗ ಸ್ಪಷ್ಟ ಕಣಮ್ಮ' ಅಂತಾರೆ ಕೆಲವರು. ಸುಳ್ಳು ಹೇಳಲ್ಲ ಪಾಪ. ಅವರಿಗೆ ಹಾಗೇ ಕಾಣತ್ತೆ."

ಟಕಟಕಿಯ ಬೆರಳುಗಳು ನಿಂತವು. ಅವತ್ತು ಮೊದಲ ಸಲ.

ಮಾವ ಸ್ನಾನಕ್ಕೆ ಹೋಗಿದ್ದ. ಒಳಗಿನಿಂದ ಒಂದಿಡೀ ವಾದ್ಯವೃಂದವನ್ನು ಬಾಯಲ್ಲೇ ನುಡಿಸುತ್ತಿದ್ದ: "ಪೀಂ ಪೀಂ, ಧುಂ ತಕ, ಟಿಸ್ಸ್!" ಟಕಟಕಿ ಮೇಜಿನ ಹತ್ತಿರ ಬಂದಳು. ಉಗುರಿನಿಂದ ಕೆಂಪು ಟೇಪು ಬಿಚ್ಚಿದಳು. ನೀಲಿಯನ್ನೂ ಬಿಚ್ಚಿದಳು. ಕೆಂಪು ತನ್ನದಕ್ಕೆ, ನೀಲಿ ಮಾವನದಕ್ಕೆ. ಒಳಗೆ ನೀರು ನಿಂತಿತು.

ಅವನು ಕಂಡುಹಿಡಿದುಬಿಟ್ಟರೆ? ಆಗ ಅವಳದು ನಿಜವಾಗಿಯೂ ತಗಡು. ನಾಲ್ಕು ಭಾನುವಾರ ಗೋವಿಂದ.

"ಮಾವ, ಇನ್ನೊಂದ್ಸಲ ಹೇಳಿಕೊಡು. ಅಮ್ಮನೂ ಕೇಳಲಿ."

ಹೇಳಿಕೊಡು ಎಂದರೆ ಮಾವನಿಗೆ ತಲೆ ಒರೆಸಿಕೊಳ್ಳಲೂ ಪುರಸೊತ್ತಿಲ್ಲ. ಕೆಂಪು ಟೇಪಿನದನ್ನು ಕಿವಿಗೆ ಸಿಕ್ಕಿಸಿ, ಫೋನಿನಲ್ಲಿ ಅದೇ ಹಾಡು ಹಾಕಿ ಕಣ್ಣು ಮುಚ್ಚಿದ. ಒಂದು ಕ್ಷಣ. ಎರಡು ಕ್ಷಣ. ಟಕಟಕಿಯ ಕಾಲು ತಾನಾಗಿಯೇ ನೆಲ ಕುಟ್ಟುತ್ತಿತ್ತು.

"ಆಹಾಹಾ!" ಎಂದ ಮಾವ. "ಡ್ರಮ್ಮಿನ ಹೊಟ್ಟೆಯೊಳಗೆ ಗಾಳಿ ಓಡಾಡೋದು ಕೇಳತ್ತೆ ಅಕ್ಕ! ಹಾಡೋಳು ಉಸಿರು ಎಳ್ಕೊಂಡಿದ್ದು ಕೇಳತ್ತೆ!"

"ನೀಲಿಯದು?" ಟಕಟಕಿ ಕೇಳಿದಳು.

ಮಾವ ನೀಲಿಯದನ್ನು ಹಾಕಿಕೊಂಡು ಹುಣಸೆಹಣ್ಣು ಕಚ್ಚಿದವನಂತೆ ಮುಖ ಮಾಡಿದ. "ಟಿಣ್! ಅಡುಗೆಮನೆಯಲ್ಲಿ ತಟ್ಟೆ ಬಿತ್ತು. ಪಾಪ, ಹಾಡೋಳಿಗೆ ನೆಗಡಿ!"

"ಸರಿಯಾಗಿ ಕೇಳು ಮಾವ."

"ಇಪ್ಪತ್ತು ವರ್ಷದಿಂದ ಕೇಳ್ತಿರೋ ಕಿವಿ ಇದು!"

"ಹಾಗಾದ್ರೆ ಒಳಗಡೆ ಬರೆದಿರೋ ಕಂಪನಿ ಹೆಸರು ಓದು."

ಗಸಗಸೆ ಕಾಳಿನಷ್ಟು ಸಣ್ಣ ಅಕ್ಷರ. ಮಾವ ಕಿಟಕಿಯ ಬೆಳಕಿಗೆ ಹಿಡಿದು ಓದಿದ. ಇನ್ನೊಂದನ್ನು ಓದಿದ. ಮೊದಲಿನದನ್ನು ಮತ್ತೆ ಓದಿದ. ಅವನ ಕಿವಿ ಟೇಪಿಗಿಂತ ಕೆಂಪಾಯಿತು.

ಟಕಟಕಿಗೆ ಒಳಗೊಳಗೇ ಹೆದರಿಕೆಯಾಯಿತು. ಬೈಯುತ್ತಾನಾ? ಅಮ್ಮ ಇಸ್ತ್ರಿಪೆಟ್ಟಿಗೆ ಆರಿಸಿ ಹತ್ತಿರ ಬಂದಳು.

"ಅಕ್ಕ," ಎಂದ ಮಾವ ಮೆಲ್ಲಗೆ, "ಆ ಟವೆಲ್ ನನ್ನ ಕಣ್ಣಿಗೆ ಕಟ್ಟು. ನಿನ್ನ ಅಂಗಡೀಲಿ ಮಾಡ್ತೀಯಲ್ಲ, ಹಾಗೆ ಕೇಳು. ಎರಡಕ್ಕೂ ಒಂದೇ ವಾಲ್ಯೂಮ್ ಇರಲಿ. ಜೋರಾಗಿರೋದೇ ಎಲ್ರಿಗೂ ಚೆಂದ ಕೇಳತ್ತೆ. ಆಗ್ಲೇ ನಾನು... ನಂದಕ್ಕೆ ಸ್ವಲ್ಪ ಜಾಸ್ತಿ ಇಟ್ಟಿದ್ದೆ."

ಅಮ್ಮ ಕಟ್ಟಿದಳು. "ಇದು ಸರ್? ಈಗ ಇದು ಸರ್?" ಎಂದು ಅಂಗಡಿಯ ದನಿಯಲ್ಲೇ ಕೇಳಿದಳು. ಹತ್ತು ಸಲದಲ್ಲಿ ತನ್ನದು ಯಾವುದೆಂದು ಮಾವ ಸರಿಯಾಗಿ ಹೇಳಿದ್ದು ಆರೇ ಸಲ.

ಟವೆಲ್ ಬಿಚ್ಚಿ ಮಾವ ತಲೆ ಕೆರೆದುಕೊಂಡ. "ವ್ಯತ್ಯಾಸ ಇದೆ. ಇಲ್ಲ ಅಂದ್ರೆ ಅದೂ ಸುಳ್ಳು. ಡ್ರಮ್ಸಿನ ಹಿತ್ತಾಳೆ ಸಿಂಬಲ್ ಬಡಿದ ಮೇಲೆ ಆ ಸ್ಸ್ಸ್ ಅನ್ನೋದು ನಂದರಲ್ಲಿ ಇನ್ನೊಂಚೂರು ಹೊತ್ತು ನಿಲ್ಲತ್ತೆ. ಕೂದಲೆಳೆಯಷ್ಟು. ನಾನು ಅದನ್ನ ಹಗ್ಗ ಮಾಡಿದ್ದೆ."

ಮೂರು ಐವತ್ತು. ಅಮ್ಮ ಕೋಟು ಮಡಚಿ ಬ್ಯಾಗಿಗೆ ಹಾಕಿದಳು. ಇಯರ್‌ಫೋನಿನ ಖಾಲಿ ಡಬ್ಬಿಯನ್ನು ಕೈಯಲ್ಲಿ ಹಿಡಿದು ಮಗಳ ಮುಖ ನೋಡಿದಳು. ಟಕಟಕಿ ಅದನ್ನು ಕಿತ್ತುಕೊಂಡು ಕಪಾಟಿನ ಮೇಲಿಟ್ಟಳು.

"ಭಾನುವಾರ ಮನೇಲೇ ಇರ್ತೀಯ ತಾನೆ?"

"ಇನ್ನೆಲ್ಲಿಗೆ ಹೋಗಲಿ?" ಎಂದು ಅಮ್ಮ ಅವಳ ಮೂಗು ಹಿಂಡಿ ಹೊರಟಳು.

ಟಕಟಕಿ ತನ್ನ ಇಯರ್‌ಫೋನ್ ಹಾಕಿಕೊಂಡು ಪ್ಯಾಡಿನ ಮುಂದೆ ಕೂತಳು. ಒಂದೇಟು ಹೊಡೆದಳು. ಧುಮ್ಮ್! ಮೊದಲ ದಿನದ್ದೇ ಧುಮ್ಮ್. ಹಾಗಾದರೆ ಮಧ್ಯಾಹ್ನ ಇದು ಎಲ್ಲಿಗೆ ಹೋಗಿತ್ತು? ಡಬ್ ಎಂದದ್ದನ್ನು ಅವಳೇ ಕೇಳಿದ್ದಳು, ತನ್ನದೇ ಎರಡು ಕಿವಿಯಿಂದ. ಮೋಸ ಹೋದವನು ಮಾವ ಒಬ್ಬನೇ ಅಲ್ಲ. ಕಡ್ಡಿ ಹಿಡಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಅಮ್ಮನ ಎದುರಿಗೆ ತಗಡು ಎಂದಿದ್ದಳಲ್ಲ!

ಆಗಲೇ ಬಾಲ್ಕನಿಯಿಂದ ಒಂದು ಸದ್ದು ಸಿಡಿಯಿತು. ಮಾವ ಫೋನನ್ನು ಸ್ಪೀಕರಿಗೆ ಹಾಕಿ ತನ್ನ ಸೌಂಡ್ ಗೆಳೆಯರಿಗೆ ಕತೆ ಹೇಳುತ್ತಿದ್ದ. "ಗಾಳಿ ಓಡಾಡತ್ತೆ ಅಂದೆ ಕಣ್ರೋ! ನನ್ನ ಇಯರ್‌ಫೋನಿಗೆ ನಾನೇ ತಟ್ಟೆ ಅಂದೆ! ಹಾಡೋಳಿಗೆ ನೆಗಡಿ ಅಂತೆ!" ತನ್ನನ್ನೇ ತಾನು ಅಣಕಿಸುತ್ತ, ಕಂಬಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಫೋನಿನ ಆಚೆಯವರೂ ನಗುತ್ತಿದ್ದರು, ಟಕಟಕಿಗೂ ನಗು ಒತ್ತರಿಸಿ ಬಂತು. ಆದರೆ ಮಾವನ ನಗು ಮಾತ್ರ, ಎರಡು ಕಿವಿಗೂ ಇಯರ್‌ಫೋನ್ ಇದ್ದರೂ, ಅವಳ ಡ್ರಮ್ಮಿಗಿಂತ ಜೋರಾಗಿ ಕೇಳುತ್ತಿತ್ತು.