ಐದನೇ ಮಹಡಿಯ ಕೆಂಪು ಪೆಟ್ಟಿಗೆ

ಗೋಡೆಯ ಮೇಲೆ ಪೆಟ್ಟಿಗೆ ಇರಲಿಲ್ಲ.

ಸೋಲಾಪುರದ ಆ ಏಳು ಮಹಡಿಯ ಕಟ್ಟಡದಲ್ಲಿ, ಬಟ್ಟೆ ವ್ಯಾಪಾರಿ ಸಾತಲಿಂಗಪ್ಪನವರ ಬಾಗಿಲ ಎದುರಿಗೇ ಅದು ಇರಬೇಕಿತ್ತು. ಕೆಂಪು ಪೆಟ್ಟಿಗೆ, ಮೇಲೆ ದೊಡ್ಡದೊಂದು ಹೃದಯದ ಚಿತ್ರ, ಒಳಗೆ ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರ. ಭಾನುವಾರ ಹನ್ನೊಂದೂವರೆಗೆ ಸಾತಲಿಂಗಪ್ಪ ಚಹದ ಕಪ್ಪು ಹಿಡಿದಂತೆಯೇ ಕುಸಿದರು. ಮಗಳು ಶ್ರದ್ಧಾ ಯಂತ್ರಕ್ಕಾಗಿ ಹೊರಗೆ ಓಡಿದಳು. ಬರೀ ಗೋಡೆ! ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಜಾಗ ಆರಿಸಿದವಳು ರೂಪಾಲಿ. ಇಂಥ ಯಂತ್ರಗಳನ್ನು ಯಾವ ಕಟ್ಟಡದಲ್ಲಿ ಎಲ್ಲಿಡಬೇಕೆಂದು ಗೊತ್ತುಮಾಡುವುದೇ ಅವಳ ಕೆಲಸ. ವಯಸ್ಸಾದವರೆಲ್ಲ ಮೇಲಿನ ಮಹಡಿಗಳಲ್ಲಿದ್ದಾರೆಂದು, ಗಡಿಯಾರ ನೋಡುತ್ತ ಹತ್ತು ಸಲ ಮೆಟ್ಟಿಲು ಹತ್ತಿಳಿದು ಐದನೇ ಮಹಡಿ ಆರಿಸಿದ್ದಳು. ಈಗ ಎಲ್ಲರ ಬೆರಳೂ ಅವಳತ್ತ.

"ಪೇಟಿಗೆ ಬೀಗ ಹಾಕ್ರಿ ಅಂತ ನಾ ಅವಾಗ್ಲೇ ಅಂದಿದ್ದೆ. ಕೇಳಿದಿರೇನು? ಕಳ್ಳ ಒಯ್ದ," ಎಂದ ಸೊಸೈಟಿಯ ಸೆಕ್ರೆಟರಿ ಯೋಗಿರಾಜ. "ಇನ್ಮ್ಯಾಲ ಮಶಿನ್ ತಳಗ ನನ್ನ ಆಫೀಸನ್ಯಾಗ, ಬೀಗದಾಗ."

"ನಿಮ್ಮ ಆಫೀಸ್ ಐದಕ್ಕ ಮುಚ್ತೈತಿ ಅಣ್ಣಾ. ಆಮ್ಯಾಲ ಯಾರದರೆ ಎದಿ ನಿಂತ್ರ?" ಎಂದಳು ರೂಪಾಲಿ.

"ಅದು ನನಗ ಗೊತ್ತಿಲ್ಲ. ಬುಧವಾರ ಸಂಜಿಗೆ ಮೀಟಿಂಗ್ ಐತಿ. ಠರಾವು ಮಾಡ್ತೀವಿ."

ಈ ಕಟ್ಟಡ ಬೀಗ ಹಾಕಿದರೆ ಊರಿನಲ್ಲಿ ಯಂತ್ರವಿರುವ ಉಳಿದ ಹನ್ನೊಂದು ಕಟ್ಟಡಗಳೂ ಹಾಕುತ್ತವೆ. ಬೀಗದೊಳಗಿನ ಯಂತ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ರೂಪಾಲಿಯ ಕೈಯಲ್ಲಿ ಎರಡು ದಿನ ಉಳಿದಿತ್ತು.

*

ಪೊಲೀಸರು ವಾಚ್‌ಮನ್ ಕೈಲಾಸನನ್ನು ಹಿಡಿದು ಜಾಲಾಡಿದ್ದರು.

"ನಾ ಗೇಟ್ ಬಿಟ್ಟು ಅಳ್ಳಾಡಿಲ್ರಿ ಅಕ್ಕಾರ. ಅಷ್ಟು ದೊಡ್ಡ ಪೇಟಿ ಹೊರಗ ಹೋಗಿಲ್ಲ. ನನ್ನ ಆಣಿ."

ಗೇಟಿನ ಕ್ಯಾಮೆರಾ ಕೂಡ ಅದನ್ನೇ ಹೇಳಿತು. ಅಂದರೆ ಪೆಟ್ಟಿಗೆ ಕಟ್ಟಡದಲ್ಲೇ ಇದೆ!

ರೂಪಾಲಿ ಐದನೇ ಮಹಡಿಗೆ ಓಡಿದಳು. ಗೋಡೆಯಲ್ಲಿ ನಾಲ್ಕು ಸ್ಕ್ರೂಗಳು, ತಮ್ಮ ತಮ್ಮ ತೂತಿನಲ್ಲೇ ಅರ್ಧ ಕೂತಿದ್ದವು. ಕಳ್ಳನಾದವನು ಮುಚ್ಚಳ ತೆಗೆದು ಯಂತ್ರ ಎತ್ತಿಕೊಂಡು ಓಡುತ್ತಾನೆ. ಪೆಟ್ಟಿಗೆಯನ್ನೇ ಬಿಚ್ಚಿ, ಸ್ಕ್ರೂ ಕಳೆಯದ ಹಾಗೆ ಜೋಪಾನವಾಗಿ ತಿರುವಿಟ್ಟು ಹೋಗುವ ಸಂಭಾವಿತ ಕಳ್ಳ ಯಾವ ಊರಿನವನಪ್ಪಾ?

ಆ ಭಾನುವಾರ ಶ್ರದ್ಧಾಳನ್ನು ನೋಡಲು ಅಕ್ಕಲಕೋಟದಿಂದ ಗಂಡಿನವರು ಬಂದಿದ್ದರು. ಸಾತಲಿಂಗಪ್ಪ ಕುಸಿದಾಗ ಅಲ್ಲೇ ಇದ್ದ ಅವರು ಏನಾದರೂ ಕಂಡಿರಬಹುದು. ರೂಪಾಲಿ ಸ್ಕೂಟರ್ ಹತ್ತಿದಳು.

*

ಗಂಡಿನ ತಾಯಿ ಇಂದುಬಾಯಿ ನೀರು ಕೊಟ್ಟು ಕೂರಿಸಿದರು.

"ಗ್ವಾಡಿ ಮ್ಯಾಲ ಪೇಟಿ? ಇಲ್ಲವಾ. ನಾವು ಒಳಗ ಹೋಗೂವಾಗ ನನ್ನ ಸೆರಗು ಒಂದು ಸ್ಕ್ರೂಕ್ಕ ಸಿಕ್ಕು ಹರೀತು. ಅಷ್ಟs ನೆನಪೈತಿ."

"ಹೋಗೂ ಮೊದಲು ಫೋನ್‌ನ್ಯಾಗ ಏನರೆ ಮಾತಾಡಿದ್ರೇನ್ರಿ?"

"ಮತ್ತ! ಮನ್ಯಾಗ ಯಾರಿಗರೆ ಎದಿ ತ್ರಾಸ ಐತೇನು ಅಂತ ಕೇಳಿದ್ದೆ. ಹೆಣ್ಣು ತರೂವಾಗ ಕೇಳಬೇಕಲ್ಲ. ಇಲ್ಲ ಅಂದ್ರು ಹುಡುಗಿ ಅವ್ವ ಗುರುಲಿಂಗಮ್ಮ."

ರೂಪಾಲಿ ನೀರಿನ ಲೋಟ ಕೆಳಗಿಟ್ಟಳು.

*

ಬುಧವಾರ ಸಂಜೆ. ಮೀಟಿಂಗಿಗೆ ಅರ್ಧ ಗಂಟೆ. ಸಾತಲಿಂಗಪ್ಪನವರ ಹೆಂಡತಿ ಗುರುಲಿಂಗಮ್ಮ ಚಾಪೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಶ್ರದ್ಧಾ. ಗಂಡನನ್ನು ಕಳೆದುಕೊಂಡವರ ಮುಂದೆ ಇದನ್ನು ಹೇಗೆ ಎತ್ತುವುದು? ಆದರೂ ರೂಪಾಲಿ ಎತ್ತಿದಳು.

"ಕಾಕು, ಪೇಟಿ ಬಿಲ್ಡಿಂಗ್ ಬಿಟ್ಟು ಹೋಗಿಲ್ಲ. ಬೀಗರು ಬರೂದಕ್ಕ ಮೊದಲs ಗ್ವಾಡಿ ಖಾಲಿ ಇತ್ತು. ಬಿಚ್ಚಿದವರು ಸ್ಕ್ರೂ ಅಲ್ಲೇ ಇಟ್ಟಾರ. ಅಂದ್ರ ತಿರುಗಿ ಹಚ್ಚೂ ವಿಚಾರ ಇತ್ತು. ಅವರಿಗೆ ಮಶಿನ್ ಬೇಕಾಗಿರಲಿಲ್ಲ. ಆ ಹೃದಯದ ಚಿತ್ರ ಕಣ್ಣಿಗೆ ಬೀಳಬಾರದಿತ್ತು. ಒಂದs ದಿನದ ಮಟ್ಟಿಗೆ. ನಿಮ್ಮ ಬಾಗಿಲಿಗೆ ಆ ದಿನ ಬಂದವರು ಯಾರು?"

ಗುರುಲಿಂಗಮ್ಮ ಎದ್ದು, ನಡುವಿಗೆ ಸಿಕ್ಕಿಸಿಕೊಂಡಿದ್ದ ಕೀಲಿಯಿಂದ ಕಪಾಟು ತೆಗೆದರು. ಸೀರೆಗಳ ಕೆಳಗೆ ಕೆಂಪು ಪೆಟ್ಟಿಗೆ!

"ಹೊಲಿಗಿ ಮಶಿನ್ನಿನ ಸ್ಕ್ರೂಡ್ರೈವರ್‌ಲೆ ನಾನs ಬಿಚ್ಚಿದೆ. ಇವರ ಮನಿ ಮುಂದs ಯಾಕ ಐತಿ, ಯಾರಿಗೆ ಜಡ್ಡು ಅಂತ ಕೇಳ್ತಾರಂತ ಅಂಜಿ..."

"ಆದ್ರ ಅಪ್ಪ ಬಿದ್ದಾಗ?" ಶ್ರದ್ಧಾ ಕೇಳಿದಳು.

"ಮೊದಲ ಪಿತ್ತ ಅಂದ್ಕೊಂಡೆ. ಆಮ್ಯಾಲ ಬೀಗರು ಎದುರಿಗೇ ನಿಂತಿದ್ರು. ಈಗ ತಗದ್ರ ನಿನ್ನ ಲಗ್ನ ಮುರೀತೈತಿ ಅನ್ನಿಸ್ತು. ಆಂಬುಲೆನ್ಸ್ ಈಗ ಬಂದೀತು, ಈಗ ಬಂದೀತು ಅಂತ..."

"ಹನ್ನೊಂದು ನಿಮಿಷ ಎದಿ ಒತ್ತಿದೆ ನಾ. ಎಲ್ಲಿ ಹೋತು ಮಶಿನ್ ಅಂತ ಒದರಾಕತ್ತಿದ್ದೆ. ನೀ ಕೀಲಿ ಹಿಡ್ಕೊಂಡು ನಿಂತಿದ್ದಿ ಅವ್ವಾ."

ಶ್ರದ್ಧಾ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ರೂಪಾಲಿಗೆ ಕಣ್ಣು ತುಂಬಿ ಬಂತು. ಗೆದ್ದೆನೆಂಬ ಸಮಾಧಾನ ಅವಳಿಗೆ ಒಂದಿಷ್ಟೂ ಆಗಲಿಲ್ಲ. "ಕಾಕು, ಕಳ್ಳ ಅಲ್ಲ ಅಂತಷ್ಟs ಹೇಳ್ತೀನಿ. ನಿಮ್ಮ ಹೆಸರು ಎತ್ತೂದಿಲ್ಲ."

"ಬ್ಯಾಡ."

ಗುರುಲಿಂಗಮ್ಮ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಐದು ಮಹಡಿ ಇಳಿದರು. ಠರಾವು ಓದುತ್ತಿದ್ದ ಯೋಗಿರಾಜ ಬಾಯಿ ತೆರೆದು ನಿಂತ. ಅವರು ಪೆಟ್ಟಿಗೆಯನ್ನು ಅವನ ಮೇಜಿನ ಮೇಲಿಟ್ಟರು.

"ಇದನ್ನ ಬೀಗದಾಗ ಇಟ್ಟಾಕಿ ನಾನು. ಏನಾತು ಅಂತ ನೋಡಿದಿರಿ. ನೀವು ಮತ್ತ ಇಡಬ್ಯಾಡ್ರಿ."

ಯೋಗಿರಾಜ ಕೈಯಲ್ಲಿದ್ದ ಕಾಗದ ಮಡಿಸಿದ. ಗುರುಲಿಂಗಮ್ಮ ಮೆಟ್ಟಿಲ ಕಡೆ ತಿರುಗಿ, ಮಗಳು ಬಂದಾಳೇ ಎಂದು ನೋಡುತ್ತ ನಿಂತರು. ಶ್ರದ್ಧಾ ಇಳಿದು ಬರಲಿಲ್ಲ.